ಪಂಕ್ಚರ್ ಅಂಗಡಿಯ ಅರ್ಥಶಾಸ್ತ್ರ

ಶಿಡ್ಲಘಟ್ಟದಲ್ಲಿ ಒಂದು ಮನೆ. ಮುಂದೆ ವಾಸ, ಹಿಂದಿನ ತಗಡಿನ ಶೆಡ್ಡಿನಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ. ಬಿಸಿನೀರಿನಲ್ಲಿ ಬೇಯುವ ಗೂಡಿನ ವಾಸನೆ ಆ ಮನೆಯವರ ಮೂಗಿಗೆ ಗೊತ್ತಾಗುವುದೇ ಇಲ್ಲ. ಬಂದ ನೆಂಟರಿಗೆ ಮಾತ್ರ ಗೊತ್ತಾಗುತ್ತದೆ. ಹತ್ತನೆಯ ತರಗತಿಯಲ್ಲಿದ್ದ ಮಗನಿಗೆ ಅಪ್ಪ ಒಂದು ಮಾತು ಕೊಟ್ಟಿದ್ದರು: ಫಸ್ಟ್ ಕ್ಲಾಸ್ ಬಂದರೆ ಸ್ಕೂಟರ್. ಹುಡುಗ ಫಸ್ಟ್ ಕ್ಲಾಸಿನಲ್ಲೇ ಪಾಸಾದ. ಈಗ ಮಾತು ಉಳಿಸಿಕೊಳ್ಳುವ ಸರದಿ ಅಪ್ಪನದು.

ಸಾಲದ ಅರ್ಜಿ ನಾಲ್ಕು ದಿನದಿಂದ ಟೀವಿಯ ಮೇಲೆ ಕೂತಿದೆ. ಸ್ಕೂಟರ್ ರಸ್ತೆಗಿಳಿಯಬೇಕಾದರೆ ಒಂದು ಲಕ್ಷದ ಆಸುಪಾಸು ಬೇಕು. ಕೈಯಲ್ಲಿರುವುದು ಅದರ ಕಾಲು ಭಾಗ. ಉಳಿದದ್ದಕ್ಕೆ ತಿಂಗಳ ಕಂತು. ಇಲ್ಲೇ ಅಪ್ಪನಿಗೆ ತೊಡಕು. ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ದಿನಕ್ಕೊಂದು, ನೂಲಿನ ಬೆಲೆ ವಾರಕ್ಕೊಂದು. ಗೂಡು ದುಬಾರಿಯಾಗಿ ನೂಲು ಅಗ್ಗವಾದ ವಾರ ಬೇಸಿನ್ನಿಗೆ ಬೆಂಕಿ ಹಾಕದೆ ಸುಮ್ಮನಿರುವುದೇ ಲಾಭ. ಕಂತು ಮಾತ್ರ ಹಾಗಲ್ಲ. ಅದು ಮಳೆಗೂ ಅಷ್ಟೇ, ಬಿಸಿಲಿಗೂ ಅಷ್ಟೇ.

ಅಮ್ಮನ ತಕರಾರು ಬೇರೆ. ‘ಹದಿನಾರು ತುಂಬಿಲ್ಲದವನ ಕೈಗೆ ಗಾಡಿ ಕೊಡ್ತೀರಾ?’ ಆಕೆಯ ಪ್ರಶ್ನೆಯಲ್ಲಿ ಹೆದರಿಕೆಯ ಜೊತೆ ಕಾನೂನೂ ಇದೆ. ಗೇರಿಲ್ಲದ 50 ಸಿಸಿ ಒಳಗಿನ ಗಾಡಿಗೆ 16 ವರ್ಷ, ಅದಕ್ಕಿಂತ ದೊಡ್ಡದಕ್ಕೆ 18 ವರ್ಷ ತುಂಬಿರಬೇಕು. ಇಂದು ಅಂಗಡಿಯಲ್ಲಿ ಸಿಗುವ ಪೆಟ್ರೋಲ್ ಸ್ಕೂಟರುಗಳೆಲ್ಲ ಎರಡನೆಯ ಗುಂಪಿನವೇ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸೂ ಇಲ್ಲ. ಇಷ್ಟಾದರೂ ಪ್ರತಿ ಊರಿನ ಟ್ಯೂಷನ್ ಮನೆಗಳ ಮುಂದೆ ಸಾಲುಗಟ್ಟಿ ನಿಲ್ಲುವುದು ಸ್ಕೂಟರುಗಳೇ. ಹುಡುಗನ ವಾದ ಅದೇ: ‘ಎಲ್ರೂ ಬರ್ತಾರೆ.’

ಅಪ್ಪ ಏನೂ ಹೇಳದೆ ಎದ್ದು ಹಿಂದಿನ ಶೆಡ್ಡಿಗೆ ಹೋದರು. ಅಲ್ಲಿ ಮೂಲೆಯಲ್ಲಿ ಗೋಡೆಗೊರಗಿ ಒಂದು ಹಳೆಯ ಕಪ್ಪು ಸೈಕಲ್ ನಿಂತಿತ್ತು. ಎರಡೂ ಟೈರು ಗಾಳಿ ಬಿಟ್ಟು ನೆಲಕ್ಕೆ ಅಂಟಿದ್ದವು. ಸೀಟಿನ ಮೇಲೆ ಗೂಡಿನ ಚೀಲಗಳು. ಒಂದು ಕಾಲಕ್ಕೆ ಆ ಚೀಲಗಳನ್ನು ಹೊತ್ತದ್ದು ಅದೇ ಸೈಕಲ್ಲಿನ ಕ್ಯಾರಿಯರ್.

ಈ ಸೀಮೆಯಲ್ಲಿ ಸೈಕಲ್ ಎಂದರೆ ಸವಾರಿಯ ವಸ್ತುವಲ್ಲ, ಬದುಕಿನ ವಸ್ತುವಾಗಿತ್ತು. ಹಿಪ್ಪುನೇರಳೆ ಸೊಪ್ಪಿನ ಹೊರೆ ಹುಳುಮನೆಗೆ ಬರುತ್ತಿದ್ದುದು ಸೈಕಲ್ಲಿನಲ್ಲಿ. ಗೂಡಿನ ಮೂಟೆ ಮಾರುಕಟ್ಟೆಗೆ, ಅಲ್ಲಿಂದ ರೀಲರ ಮನೆಗೆ ಹೋಗುತ್ತಿದ್ದುದೂ ಸೈಕಲ್ಲಿನಲ್ಲೇ. ಹಾಲಿನ ಕ್ಯಾನು, ಮೊಟ್ಟೆಯ ಟ್ರೇ, ಐಸ್ ಕ್ಯಾಂಡಿಯ ಪೆಟ್ಟಿಗೆ, ಸಾಣೆ ಹಿಡಿಯುವವನ ಕಲ್ಲು, ಬೆಳಗಿನ ಪತ್ರಿಕೆಯ ಕಟ್ಟು, ಇವೆಲ್ಲವಕ್ಕೂ ಎರಡೇ ಚಕ್ರ. ಪುರಸಭೆಗೆ ವರ್ಷವರ್ಷ ಸೈಕಲ್ ತೆರಿಗೆ ಕಟ್ಟಿ ಲೋಹದ ಬಿಲ್ಲೆ ಹಾಕಿಸಿಕೊಳ್ಳಬೇಕಿತ್ತು. ಕತ್ತಲಾದ ಮೇಲೆ ದೀಪವಿಲ್ಲದೆ ಹೋದವನು ಪೊಲೀಸರ ಕೈಗೆ ಸಿಕ್ಕಿ ಗಾಳಿ ಬಿಡಿಸಿಕೊಂಡು ತಳ್ಳಿಕೊಂಡು ಬರುವುದಿತ್ತು. ಇಂದಿನ ಅಜ್ಜಂದಿರಲ್ಲಿ ಅರ್ಧ ಜನ ಗಂಟೆಗಿಷ್ಟು ಎಂದು ಬಾಡಿಗೆ ತಂದ ಸೈಕಲ್ಲಿನಲ್ಲಿ ಬಿದ್ದು ಮೊಣಕಾಲು ಗೀಚಿಕೊಂಡವರೇ.

ಅಪ್ಪ ಸೈಕಲ್ ತಳ್ಳಿಕೊಂಡು ಬೀದಿಗೆ ಬಂದರು. ಹುಡುಗ ಹತ್ತು ಹೆಜ್ಜೆ ಹಿಂದೆ. ಗೆಳೆಯರು ಕಂಡರೆ ತನಗೂ ಅದಕ್ಕೂ ಸಂಬಂಧವಿಲ್ಲ ಎನ್ನುವಷ್ಟು ದೂರ.

<b>ಒಂದು ನೋಟಿನ ಪ್ರಯಾಣ</b>

ಸೈಕಲ್ ಶಾಪ್ ಎಂದರೆ ಎಂಟಡಿ ಅಗಲದ ಮಳಿಗೆ. ಚಾವಣಿಯಿಂದ ತೂಗುಬಿದ್ದ ಟೈರುಗಳು, ಡಾಲ್ಡಾ ಡಬ್ಬದಲ್ಲಿ ಬಾಲ್ಸು, ಪಂಕ್ಚರ್ ನೋಡುವ ನೀರಿನ ಬೋಗುಣಿ, ಉಪ್ಪುಕಾಗದದ ತುಂಡು, ಸಲ್ಯೂಷನ್ ಟ್ಯೂಬು. ಗೋಡೆಯ ಮೇಲೆ ಕಳೆದ ಆಯುಧಪೂಜೆಯ ಕುಂಕುಮ ಇನ್ನೂ ಉಳಿದಿದೆ. ಯಜಮಾನರಿಗೆ ಅರವತ್ತು ದಾಟಿದೆ. ಮಗ ಬೆಂಗಳೂರಿನಲ್ಲಿ ಕಾರ್ಖಾನೆಯ ಕೆಲಸಕ್ಕೆ ಹೋಗುತ್ತಾನೆ. ಅಂಗಡಿಯ ಬಾಡಿಗೆ ಕರಾರು ಇದೇ ವರ್ಷ ಮುಗಿಯುತ್ತದೆ. ಮುಂದುವರಿಸಬೇಕೋ ಬೇಡವೋ ಎಂದು ಅವರೂ ಯೋಚನೆಯಲ್ಲಿದ್ದಾರೆ.

ಅವರು ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಪೆಡಲ್ ತಿರುಗಿಸಿದರು. ಹಿಂದಿನ ಚಕ್ರ ಕಿರುಗುಟ್ಟಿತು, ಆದರೆ ತಿರುಗಿತು. ‘ಫ್ರೇಮು ಗಟ್ಟಿಯಾಗಿದೆ. ಎರಡು ಟೈರು, ಎರಡು ಟ್ಯೂಬು, ಬ್ರೇಕ್ ಶೂ, ಚೈನು, ಬಾಲ್ಸು. ಓವರಾಲಿಂಗ್ ಮಾಡಿದ್ರೆ ಇನ್ನೂ ಹದಿನೈದು ವರ್ಷ ಓಡ್ತದೆ.’ ಒಟ್ಟು 1,500 ರೂಪಾಯಿ. ಅದರಲ್ಲಿ ಸಾಮಾನಿಗೆ 1,100, ಕೂಲಿ 400.

ಈ 1,500ರ ದಾರಿಯನ್ನು ಹಿಡಿದು ಹೋದರೆ ಸ್ವಾರಸ್ಯ ತಿಳಿಯುತ್ತದೆ. ಸಾಮಾನಿನ ಹಣದಲ್ಲಿ ದೊಡ್ಡ ಪಾಲು ಊರು ಬಿಡುತ್ತದೆ. ಬೆಂಗಳೂರಿನ ಸಗಟು ವ್ಯಾಪಾರಿ, ಅಲ್ಲಿಂದ ಪಂಜಾಬಿನ ಲೂಧಿಯಾನಾ. ಭಾರತದ ಸೈಕಲ್ ಉದ್ಯಮದ ತೌರು ಅದು. ಹೀರೋ ಸೈಕಲ್ಸ್ 1956ರಲ್ಲಿ ಆರಂಭವಾದದ್ದು ಅಲ್ಲೇ. ಹರ್ಕ್ಯುಲಿಸ್, ಬಿಎಸ್‌ಎ ಸೈಕಲ್ಲುಗಳ ಟಿಐ ಕಂಪೆನಿ 1949ರಲ್ಲಿ ಮದರಾಸಿನಲ್ಲಿ ಹುಟ್ಟಿತು. ಆದರೆ ಕೂಲಿಯ 400 ರೂಪಾಯಿ ಎಲ್ಲಿಗೂ ಹೋಗುವುದಿಲ್ಲ. ಸಂಜೆ ಅಂಗಡಿಯವರು ಅದರಲ್ಲಿ ಟೀ ಅಂಗಡಿಯ ಬಾಕಿ ತೀರಿಸುತ್ತಾರೆ, ಅರ್ಧ ಲೀಟರ್ ಹಾಲು, ಒಂದು ಸೇರು ಅವರೆಕಾಯಿ ಕೊಳ್ಳುತ್ತಾರೆ. ಟೀ ಅಂಗಡಿಯವನು ಆ ಹಣವನ್ನು ಹಾಲಿನವಳಿಗೆ ಕೊಡುತ್ತಾನೆ. ಹಾಲಿನವಳು ಬೂಸಾ ಅಂಗಡಿಗೆ. ಕತ್ತಲಾಗುವುದರೊಳಗೆ ಅದೇ ನೋಟು ಮೂರು ಮನೆಗೆ ಸಂಪಾದನೆಯಾಗಿರುತ್ತದೆ.

ಅರ್ಥಶಾಸ್ತ್ರದ ಪುಸ್ತಕ ಇದನ್ನು ಗುಣಕ ಪರಿಣಾಮ ಎನ್ನುತ್ತದೆ. ಗಣಿತ ಸುಲಭ. ಕೈಗೆ ಬಂದ ಪ್ರತಿ ರೂಪಾಯಿಯಲ್ಲಿ ಅರ್ಧ ಊರಿನಲ್ಲೇ ಮತ್ತೆ ಖರ್ಚಾದರೆ ಒಂದು ರೂಪಾಯಿ, ಅದರ ಅರ್ಧ, ಅದರ ಕಾಲು, ಅರೆಕಾಲು ಹೀಗೆ ಕೂಡುತ್ತ ಹೋಗಿ ಕೊನೆಗೆ ಊರಿಗೆ ಎರಡು ರೂಪಾಯಿಯಷ್ಟು ವಹಿವಾಟು ಸಿಗುತ್ತದೆ. ಹತ್ತರಲ್ಲಿ ಒಂದು ಭಾಗ ಮಾತ್ರ ಉಳಿದರೆ ಮೊತ್ತ ಒಂದು ರೂಪಾಯಿ ಹನ್ನೊಂದು ಪೈಸೆಗೆ ನಿಂತುಬಿಡುತ್ತದೆ. ಪಿಯುಸಿಯಲ್ಲಿ ಗುಣೋತ್ತರ ಶ್ರೇಢಿ ಕಲಿಯುವ ಮಕ್ಕಳು ಇದನ್ನು ತಾವೇ ಮಾಡಿ ನೋಡಬಹುದು.

ಈಗ ಪೆಟ್ರೋಲಿನ ರೂಪಾಯಿಯನ್ನು ಹಿಂಬಾಲಿಸಿ. ಹುಡುಗ ಕಾಲೇಜು, ಟ್ಯೂಷನ್ ಸೇರಿ ದಿನಕ್ಕೆ 10 ಕಿಲೋಮೀಟರ್ ಓಡಾಡುತ್ತಾನೆ ಎನ್ನೋಣ. ತಿಂಗಳಿಗೆ 25 ದಿನ, 250 ಕಿಲೋಮೀಟರ್. ಲೀಟರಿಗೆ 45 ಕಿ.ಮೀ. ಕೊಟ್ಟರೆ ಐದೂವರೆ ಲೀಟರ್ ಬೇಕು. ಲೀಟರಿನ ಬೆಲೆ ನೂರು ದಾಟಿರುವಾಗ ತಿಂಗಳಿಗೆ 550 ರೂಪಾಯಿಗೆ ಕಡಿಮೆಯಿಲ್ಲ. ಪ್ರತಿ ಲೀಟರಿನಲ್ಲಿ ಊರಿನ ಬಂಕಿನವರಿಗೆ ಉಳಿಯುವ ಕಮಿಷನ್ ನಾಲ್ಕು ರೂಪಾಯಿಯ ಆಸುಪಾಸು. ಉಳಿದದ್ದು ತೆರಿಗೆಗೆ, ತೈಲ ಕಂಪೆನಿಗೆ, ಸಮುದ್ರದಾಚೆಯ ಎಣ್ಣೆ ಬಾವಿಗೆ. ಭಾರತ ಬಳಸುವ ಕಚ್ಚಾತೈಲದಲ್ಲಿ ಶೇಕಡ 85ಕ್ಕಿಂತ ಹೆಚ್ಚು ಹೊರಗಿನಿಂದಲೇ ಬರುತ್ತದೆ. ತೆರಿಗೆಯ ಹಣ ರಸ್ತೆಯಾಗಿ, ಶಾಲೆಯಾಗಿ ಮರಳುತ್ತದೆ ಎಂಬುದು ನಿಜ. ಆದರೆ ಶಿಡ್ಲಘಟ್ಟ ಕೊಟ್ಟದ್ದು ಶಿಡ್ಲಘಟ್ಟಕ್ಕೇ ಬರುತ್ತದೆಂಬ ಕಟ್ಟಲೆಯೇನೂ ಇಲ್ಲ. ಇಂಥ ಒಂದು ಸಾವಿರ ಮಕ್ಕಳಿದ್ದಾರೆಂದುಕೊಳ್ಳಿ. ತಿಂಗಳಿಗೆ ಐದೂವರೆ ಲಕ್ಷ, ವರ್ಷಕ್ಕೆ 66 ಲಕ್ಷ. ಇದು ಕಪ್ಪುಹಲಗೆಯ ಲೆಕ್ಕ, ಸಮೀಕ್ಷೆಯಲ್ಲ. ಆದರೂ ಹನಿಹನಿ ಕೂಡಿದರೆ ಹಳ್ಳ ಎನ್ನುವ ಗಾದೆ ಹರಿದುಹೋಗುವ ನೀರಿಗೂ ಸಲ್ಲುತ್ತದೆ.

<b>ಚಿಂತಾಮಣಿಯ ಅಂಗಡಿ ಬೀದಿ</b>

‘ಸೈಕಲ್ಲಿನವನು ಏನು ಕೊಂಡಾನು?’ ಎನ್ನುವುದು ವ್ಯಾಪಾರಸ್ಥರ ಹಳೆಯ ಪ್ರಶ್ನೆ. ಚಿಂತಾಮಣಿ ವ್ಯಾಪಾರದ ಊರು. ಟೊಮೆಟೊ, ಅವರೆ, ನೆಲಗಡಲೆ, ಮಾವಿನ ವಹಿವಾಟು. ಕನ್ನಡದಲ್ಲಿ ಶುರುವಾದ ಚೌಕಾಶಿ ತೆಲುಗಿನಲ್ಲಿ ಮುಗಿಯುವ ಸಂತೆ. ಇಲ್ಲಿನ ಅಂಗಡಿ ಬೀದಿಯಲ್ಲಿ ಬೆಳಗ್ಗೆ ಹತ್ತರ ಮೇಲೆ ಒಂದು ಕಾರು ನಿಂತರೆ ಅದರ ಹಿಂದೆ ಆಟೋ, ಅದರ ಹಿಂದೆ ಟೆಂಪೊ, ಎಲ್ಲದರ ಹಿಂದೆ ಹಾರನ್ನು. ಕಾರು ನಿಂತದ್ದು ಒಂದು ಅಂಗಡಿಯ ಮುಂದೆ, ಮರೆಯಾದದ್ದು ಮೂರು ಅಂಗಡಿ. ಒಂದು ಕಾರಿನ ಜಾಗದಲ್ಲಿ ಹತ್ತು ಸೈಕಲ್ ನಿಲ್ಲುತ್ತವೆ.

ಗಿರಾಕಿ ಹೇಗೆ ಬರುತ್ತಾನೆಂಬುದು ಅಂಗಡಿಯವರಿಗೆ ಎಷ್ಟರಮಟ್ಟಿಗೆ ಗೊತ್ತು? ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 2006ರಲ್ಲಿ ಇದನ್ನು ಕೇಳಿ ನೋಡಿದರು. ನೂರಕ್ಕೆ 41 ಗಿರಾಕಿಗಳು ಕಾರಿನಲ್ಲಿ ಬರುತ್ತಾರೆ ಎಂದು ಅಂಗಡಿಯವರು ಅಂದಾಜು ಮಾಡಿದ್ದರು. ಗಿರಾಕಿಗಳನ್ನೇ ಕೇಳಿದಾಗ ಸಿಕ್ಕಿದ್ದು 22. ಕಾರು ಕಣ್ಣಿಗೆ ಬೀಳುತ್ತದೆ, ನಡೆದು ಬಂದವನು ಬೀಳುವುದಿಲ್ಲ. ಅಮೆರಿಕದ ಪೋರ್ಟ್‌ಲೆಂಡಿನಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಸಂಗತಿ ತೋರಿಸಿತು. ಕಾರಿನಲ್ಲಿ ಬಂದವನು ಒಂದು ಸಲಕ್ಕೆ ಹೆಚ್ಚು ಖರ್ಚು ಮಾಡುತ್ತಾನೆ. ಸೈಕಲ್ಲಿನವನು ಕಡಿಮೆ ಮಾಡಿದರೂ ಮತ್ತೆ ಮತ್ತೆ ಬರುತ್ತಾನೆ. ಹೋಟೆಲು, ಚಿಲ್ಲರೆ ಅಂಗಡಿಗಳಲ್ಲಿ ತಿಂಗಳ ಮೊತ್ತ ತೆಗೆದರೆ ಸೈಕಲ್ಲಿನವನದೇ ಮುಂದು. ದೊಡ್ಡ ಸೂಪರ್ ಮಾರುಕಟ್ಟೆಗಳಲ್ಲಿ ಮಾತ್ರ ಕಾರಿನವನೇ ಮುಂದು. ಕೆನಡಾದ ಟೊರಾಂಟೊ ನಗರದ ಬ್ಲೂರ್ ಬೀದಿಯಲ್ಲಿ 2016ರಲ್ಲಿ ಪ್ರಯೋಗಕ್ಕೆಂದು ಸೈಕಲ್ ಪಥ ಮಾಡಿದಾಗ ವ್ಯಾಪಾರ ಬಿದ್ದುಹೋದೀತೆಂದು ಹೆದರಿದವರಿದ್ದರು. ಅಧ್ಯಯನದಲ್ಲಿ ಕಂಡದ್ದು ಗಿರಾಕಿಗಳ ಭೇಟಿಯೂ ಖರ್ಚೂ ಹೆಚ್ಚಿದ್ದು.

ಟೊರಾಂಟೊ ಎಲ್ಲಿ, ಚಿಂತಾಮಣಿ ಎಲ್ಲಿ ಎನ್ನಬಹುದು. ಆದರೆ ಇದರ ಹಿಂದಿರುವ ಬುದ್ಧಿ ಚಿಂತಾಮಣಿಗೆ ಹೊಸದಲ್ಲ. ಕಾರಿದ್ದವನು ತಿಂಗಳ ಸಾಮಾನಿಗೆ ಎಪ್ಪತ್ತೈದು ಕಿಲೋಮೀಟರ್ ಓಡಿಸಿಕೊಂಡು ಬೆಂಗಳೂರಿನ ಮಾಲಿಗೂ ಹೋಗಬಲ್ಲ. ಸೈಕಲ್ಲಿನವನು ಬೀದಿಯ ಕೊನೆಯ ಅಂಗಡಿಗೇ ಬರಬೇಕು. ಅವನ ಕ್ಯಾರಿಯರಿಗೆ ಹಿಡಿಯುವುದು ಒಂದೇ ಚೀಲ, ಆದ್ದರಿಂದ ಮೂರು ದಿನಕ್ಕೊಮ್ಮೆ ಬರಬೇಕು. ಚಿಲ್ಲರೆ ಅಂಗಡಿಯ ಯಜಮಾನನಿಗೆ ಇದಕ್ಕಿಂತ ನಂಬಿಕಸ್ಥ ಗಿರಾಕಿ ಯಾರು?

ಊರಿನ ಅಳತೆಯೂ ಇದಕ್ಕೆ ಒಪ್ಪುತ್ತದೆ. 2011ರ ಜನಗಣತಿಯಂತೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕರಲ್ಲಿ ಯಾವುದೂ ಲಕ್ಷ ಜನಸಂಖ್ಯೆ ಮುಟ್ಟಿರಲಿಲ್ಲ. ಈ ಊರುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಲು ಸೈಕಲ್ಲಿಗೆ ಕಾಲು ಗಂಟೆ, ಹೆಚ್ಚೆಂದರೆ ಇಪ್ಪತ್ತು ನಿಮಿಷ ಸಾಕು. ಮುಂದಿನ ಹಲ್ಲುಚಕ್ರದಲ್ಲಿ 44 ಹಲ್ಲು, ಹಿಂದಿನದರಲ್ಲಿ 18 ಇರುವ ಮಾಮೂಲು ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಚಕ್ರ ಎರಡೂವರೆ ಸುತ್ತಿನ ಹತ್ತಿರ ತಿರುಗಿ ಸೈಕಲ್ ಸುಮಾರು ಐದೂವರೆ ಮೀಟರ್ ಮುಂದೆ ಸಾಗುತ್ತದೆ. ನಡೆಯುವವನು ಪಡುವಷ್ಟೇ ಶ್ರಮದಲ್ಲಿ ಮೂರು ಪಟ್ಟು ದೂರ. ಮನುಷ್ಯನ ಸ್ನಾಯುಶಕ್ತಿಯನ್ನು ಇಷ್ಟು ಮಿತವ್ಯಯದಿಂದ ಬಳಸುವ ಇನ್ನೊಂದು ವಾಹನವನ್ನು ಮನುಷ್ಯ ಕಂಡುಹಿಡಿದಿಲ್ಲ.

<b>ಗೌರಿಬಿದನೂರಿನ ದಾರಿ</b>

ದೂರ ಎಂಬುದು ಬಡವರ ಮಕ್ಕಳ ಓದಿಗೆ ಎಷ್ಟು ದೊಡ್ಡ ಅಡ್ಡಿ ಎಂಬುದನ್ನು ಗೌರಿಬಿದನೂರು ಸೀಮೆಗೆ ಹೇಳಿಕೊಡಬೇಕಾಗಿಲ್ಲ. ಇದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು 1935ರಲ್ಲಿ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲು ಸೇರಲು ಬಸ್ಸಿನ ಹಣವಿಲ್ಲದೆ ನಡೆದೇ ಹೋದರು. ಮುಂದೆ ಭೌತಶಾಸ್ತ್ರದ ಮೇಷ್ಟ್ರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಬಾಳಿದರು. ಹುಟ್ಟಿದ ಸೀಮೆಯ ಮಕ್ಕಳು ತಮ್ಮಂತೆ ನಡೆಯಬಾರದೆಂದು ಗೌರಿಬಿದನೂರಿಗೂ ಬಾಗೇಪಲ್ಲಿಗೂ ಕಾಲೇಜು ತಂದರು. ನಡೆದು ಹೋಗಿ ಗೆದ್ದವರೊಬ್ಬರ ಹೆಸರು ಎಲ್ಲರಿಗೂ ಗೊತ್ತು. ನಡೆಯಲಾಗದೆ ಶಾಲೆ ಬಿಟ್ಟವರ ಹೆಸರು ಯಾರಿಗೂ ಗೊತ್ತಿಲ್ಲ. ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು.

ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಮುಂದೆ ಅದು ಗಂಡುಮಕ್ಕಳಿಗೂ ವಿಸ್ತರಿಸಿತು. ಮಂಚೇನಹಳ್ಳಿ, ವಿದುರಾಶ್ವತ್ಥದ ಕಡೆಯ ಹಳ್ಳಿಗಳಿಂದ ನೀಲಿ ಸಮವಸ್ತ್ರದ ಹುಡುಗಿಯರು ಮೂರು ಮೂರು ಸೈಕಲ್ ಜೋಡಿಸಿಕೊಂಡು ಮಾತಾಡುತ್ತ ಶಾಲೆಗೆ ಬರುತ್ತಿದ್ದುದು ಆ ವರ್ಷಗಳ ಚಿತ್ರ. 2020ರಲ್ಲಿ ಕೋವಿಡ್ ಬಂದು ಶಾಲೆಗಳು ಮುಚ್ಚಿದ ವೇಳೆಗೆ ಸೈಕಲ್ ವಿತರಣೆಯೂ ನಿಂತಿತು.

ಸೈಕಲ್ಲಿನಿಂದ ಓದಿಗೆ ಎಷ್ಟು ಲಾಭ ಎಂಬುದನ್ನು ಬಿಹಾರದಲ್ಲಿ ಅಳೆದಿದ್ದಾರೆ. ಅಲ್ಲಿಯೂ 2006ರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಇಂಥದೇ ಯೋಜನೆ ಬಂತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾಗ ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ಶೇಕಡ 32ರಷ್ಟು ಹೆಚ್ಚಿತ್ತು. ಹುಡುಗರಿಗೂ ಹುಡುಗಿಯರಿಗೂ ಇದ್ದ ಅಂತರ ಶೇಕಡ 40ರಷ್ಟು ಇಳಿದಿತ್ತು. ಹೆಚ್ಚಿನ ಪ್ರಯೋಜನ ಶಾಲೆಯಿಂದ ಮೂರು ಕಿಲೋಮೀಟರಿಗಿಂತ ದೂರದ ಹಳ್ಳಿಗಳಿಗೆ.

ಇಲ್ಲೊಂದು ಸೂಕ್ಷ್ಮ ವ್ಯತ್ಯಾಸವಿದೆ. ಪಂಕ್ಚರ್ ಅಂಗಡಿಯ ಅರ್ಥಶಾಸ್ತ್ರ ತಿಳಿದವರಿಗೆ ಅದು ಕಣ್ಣಿಗೆ ಕಾಣುತ್ತದೆ. ಕರ್ನಾಟಕ ಟೆಂಡರ್ ಕರೆದು, ಲಕ್ಷಗಟ್ಟಲೆ ಸೈಕಲ್ ಒಟ್ಟಿಗೆ ಕೊಂಡು ಶಾಲೆಗೆ ಕಳುಹಿಸಿತು. ಬಿಹಾರ ಸೈಕಲ್ ಕೊಳ್ಳಲು 2,000 ರೂಪಾಯಿ ಹಣವನ್ನೇ ಕೊಟ್ಟಿತು. ಅಂದರೆ ಅಲ್ಲಿ ಅಪ್ಪ ಮಗಳು ಇಬ್ಬರೂ ಪೇಟೆಯ ಸೈಕಲ್ ಅಂಗಡಿಗೆ ಹೋಗಿ, ಬಣ್ಣ ಆರಿಸಿ, ಬೆಲ್ಲು ಬುಟ್ಟಿ ಹಾಕಿಸಿಕೊಂಡು ಬಂದರು. ಇಲ್ಲಿನ ಅಂಗಡಿಯವರಿಗೆ ಮಾರಾಟ ಸಿಗಲಿಲ್ಲ, ಸಿಕ್ಕಿದ್ದು ರಿಪೇರಿ. ಸಗಟು ಖರೀದಿಯಲ್ಲಿ ಬೆಲೆ ಅಗ್ಗ, ಹಣ ಬೇರೆ ಖರ್ಚಿಗೆ ಹೋಗುವ ಭಯವಿಲ್ಲ ಎಂಬ ವಾದಕ್ಕೆ ಬಲವಿದೆ. ಆದರೆ ಒಂದೇ ಸೈಕಲ್ ಎರಡು ದಾರಿಯಲ್ಲಿ ಬಂದರೆ ಊರಿಗೆ ಎರಡು ರೀತಿಯ ಫಲ ಎಂಬುದೂ ಸುಳ್ಳಲ್ಲ.

ಪಕ್ಕದ ತಮಿಳುನಾಡಿನ ಪುದುಕೋಟೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆ ಹೆಂಗಸರಿಗೆ ಸೈಕಲ್ ಕಲಿಸಿದರು. ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರು ಕಲಿತರು. ಅಂಗಡಿಗಳಲ್ಲಿ ಲೇಡೀಸ್ ಸೈಕಲ್ ಮುಗಿದುಹೋಗಿ, ಕಾಯಲಾರದವರು ಗಂಡಸರ ಸೈಕಲ್ಲನ್ನೇ ಕೊಂಡರು. ಬಸ್ಸಿಗೆ ಕಾಯುವ ಹೊತ್ತು ಉಳಿದದ್ದರಿಂದ ಹಳ್ಳಿಯ ಸರಕು ಮಾರುವವರು ಇನ್ನೂ ಎರಡು ಊರು ಸುತ್ತಿ ಬರುವಂತಾಯಿತು. ಸೈಕಲ್ಲಿನ ಅರ್ಥಶಾಸ್ತ್ರಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕಿಲ್ಲ: ಉಳಿದ ಹೊತ್ತೂ ಸಂಪಾದನೆಯೇ.

<b>ನಂದಿಯ ತಪ್ಪಲು</b>

ಹಳ್ಳಿಯವರು ಬಿಟ್ಟ ಸೈಕಲ್ಲನ್ನು ನಗರದವರು ಹಿಡಿದಿರುವ ವಿಚಿತ್ರವನ್ನು ನೋಡಬೇಕಾದರೆ ಭಾನುವಾರ ಬೆಳಗ್ಗೆ ಚಿಕ್ಕಬಳ್ಳಾಪುರದ ಕಡೆ ಬರಬೇಕು. ಇನ್ನೂ ಕತ್ತಲಿರುವಾಗಲೇ ಬೆಂಗಳೂರು ಬಿಟ್ಟ ಯುವಕ ಯುವತಿಯರು ತಲೆಗೆ ಹೆಲ್ಮೆಟ್ಟು, ಮೈಗಂಟಿದ ಬಣ್ಣದ ಉಡುಪು ತೊಟ್ಟು ದೇವನಹಳ್ಳಿ ದಾಟಿ ನಂದಿಬೆಟ್ಟದ ತಪ್ಪಲಿಗೆ ಬರುತ್ತಾರೆ. 1,478 ಮೀಟರ್ ಎತ್ತರದ ಬೆಟ್ಟ. ಬುಡದಿಂದ ತಲೆಯವರೆಗೆ ಏಳೆಂಟು ಕಿಲೋಮೀಟರ್ ತಿರುವು ತಿರುವಿನ ಏರು. ಕೆಲವರ ಸೈಕಲ್ಲಿನ ಬೆಲೆ ಊರಿನವರ ಮೋಟಾರ್ ಸೈಕಲ್ಲಿಗಿಂತ ಹೆಚ್ಚು.

ಹಾಗೆ ಏರಿ ಇಳಿದವರ ಹಸಿವು ಸಾಮಾನ್ಯವಲ್ಲ. ತಪ್ಪಲಿನ ಹೋಟೆಲುಗಳಲ್ಲಿ ಇಡ್ಲಿಯ ಪಾತ್ರೆ ಇಳಿದಿಳಿದಂತೆ ಖಾಲಿಯಾಗುತ್ತದೆ. ಎಳನೀರು, ಬಾಳೆಹಣ್ಣು, ಆಮ್ಲೆಟ್ಟು, ಟೀ. ಬಾಳೆಹಣ್ಣು ಮಾರುವಾಕೆ ಚೌಕಾಶಿಯಿಲ್ಲದೆ ಡಜನ್ ಮಾರಿ ಬುಟ್ಟಿ ಕವುಚುತ್ತಾಳೆ. ಕಾರಿನಲ್ಲಿ ಬಂದವರು ತಿಂಡಿಯ ಡಬ್ಬವನ್ನೂ ನೀರಿನ ಕ್ಯಾನನ್ನೂ ಡಿಕ್ಕಿಯಲ್ಲಿ ತರಬಲ್ಲರು. ಸೈಕಲ್ಲಿನವರು ಹೊರೆ ಹೊರಲಾರರು, ದಾರಿಯಲ್ಲೇ ಕೊಳ್ಳಬೇಕು. ಅವರ ಸೈಕಲ್ಲಿನ ಹಗುರವೇ ದಾರಿಬದಿಯವರ ಲಾಭ. ಬೆಟ್ಟದ ಬುಡದಲ್ಲೇ ಮುದ್ದೇನಹಳ್ಳಿ, ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು. ಭಾರತಕ್ಕೊಂದು ಯೋಜಿತ ಅರ್ಥವ್ಯವಸ್ಥೆ ಬೇಕೆಂದು 1934ರಲ್ಲೇ ಪುಸ್ತಕ ಬರೆದವರು ಅವರು. ಇಡ್ಲಿಯ ಈ ವ್ಯಾಪಾರವನ್ನು ಮಾತ್ರ ಯಾರೂ ಯೋಜಿಸಲಿಲ್ಲ, ತಾನಾಗಿ ಬಂತು.

ಒಂದು ಕೊರತೆಯೂ ಇದೆ. ಇಷ್ಟು ದುಬಾರಿಯ ಸೈಕಲ್ ಕೆಟ್ಟರೆ ಅದರ ಗೇರು, ಡಿಸ್ಕ್ ಬ್ರೇಕು ರಿಪೇರಿಯಾಗುವುದು ಬೆಂಗಳೂರಿನಲ್ಲಿ. ಬಿ.ಬಿ. ರಸ್ತೆಯ ಹಳೆಯ ಕೈಗಳಿಗೆ ಬಾಲ್ಸು, ಕೋನ್ ಗೊತ್ತು, ಡಿರೇಲರ್ ಗೊತ್ತಿಲ್ಲ. ಐಟಿಐ ಓದುವ ಹುಡುಗರು ಈ ವಿದ್ಯೆ ಕಲಿತರೆ ಶನಿವಾರ ಭಾನುವಾರದ ಸಂಪಾದನೆ ಇಲ್ಲೇ ಕಾದಿದೆ. ಅದೇನು ರಾಕೆಟ್ ವಿಜ್ಞಾನವಲ್ಲ. ಹಲ್ಲುಚಕ್ರ, ಸ್ಪ್ರಿಂಗು, ತಂತಿ ಇಷ್ಟೇ.

<b>ಮಿತಿಯೂ ಉಂಟು</b>

ಸೈಕಲ್ಲನ್ನು ಹೊಗಳುವವರು ಬಿಸಿಲನ್ನು ಮರೆಯಬಾರದು. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಚಿಂತಾಮಣಿಯಿಂದ ಕೈವಾರಕ್ಕೆ ತುಳಿದು ನೋಡಿದವರು ಉಪದೇಶ ಕಡಿಮೆ ಮಾಡುತ್ತಾರೆ. ನಲವತ್ತು ಕ್ರೇಟ್ ಟೊಮೆಟೊ ಸೈಕಲ್ಲಿನಲ್ಲಿ ಹೋಗುವುದಿಲ್ಲ. ಗೂಡಿನ ಮೂಟೆ ಮೊಪೆಡ್ಡಿಗೆ ಏರಿದ್ದರಿಂದ ರೈತನ ಬೆನ್ನು ಉಳಿಯಿತು, ಸಮಯಕ್ಕೆ ಹರಾಜು ಸಿಕ್ಕಿತು. ಅದು ನಷ್ಟವಲ್ಲ. ಗಾಡಿ ಮಾರುವ ಷೋರೂಮಿನಲ್ಲಿ, ಅದನ್ನು ಸರಿಪಡಿಸುವ ಗ್ಯಾರೇಜಿನಲ್ಲಿ ದುಡಿಯುವವರೂ ಇದೇ ಊರಿನ ಮಕ್ಕಳು.

ಎಲ್ಲಕ್ಕಿಂತ ದೊಡ್ಡ ಮಾತು ಜೀವದ್ದು. ಹೆದ್ದಾರಿಯ ಪಕ್ಕದಲ್ಲಿ ಟಿಪ್ಪರ್ ಲಾರಿಗಳ ಗಾಳಿಗೆ ಸೈಕಲ್ ತೂಗಾಡುವುದನ್ನು ಕಂಡ ತಾಯಿ ‘ಸೈಕಲ್ಲೂ ಬೇಡ, ಏನೂ ಬೇಡ’ ಎಂದರೆ ತಪ್ಪೆನ್ನುವುದು ಹೇಗೆ? ಆ ಹೆದರಿಕೆಗೆ ಮಗನ ಧೈರ್ಯ ಉತ್ತರವಲ್ಲ, ರಸ್ತೆಯೇ ಉತ್ತರ ಕೊಡಬೇಕು. ಶಾಲೆಗೆ ಹೋಗುವ ರಸ್ತೆಯ ಅಂಚಿನಲ್ಲಿ ಆರಡಿ ಜಾಗ, ಶಾಲೆಯ ಮುಂದೆ ವೇಗ ತಡೆಯುವ ಉಬ್ಬು, ಸಂತೆಬೀದಿಯಲ್ಲಿ ಸೈಕಲ್ ನಿಲ್ಲಿಸಲು ನಾಲ್ಕು ಕಬ್ಬಿಣದ ಕಂಬಿ. ಜಿಲ್ಲಾ ಕೇಂದ್ರವಾಗಿ ಚಿಕ್ಕಬಳ್ಳಾಪುರ 2007ರಲ್ಲಿ ಕೋಲಾರದಿಂದ ಬೇರೆಯಾದ ಮೇಲೆ ಈ ಊರುಗಳಲ್ಲಿ ಆದ ಇತರ ಖರ್ಚುಗಳ ಮುಂದೆ ಇದು ಸಣ್ಣದು. ವಿಶ್ವಸಂಸ್ಥೆ 2018ರಿಂದ ಜೂನ್ 3ನ್ನು ಸೈಕಲ್ ದಿನವೆಂದು ಆಚರಿಸುತ್ತದೆ. 2020ರ ಅದೇ ಜೂನ್ 3ರಂದು ಅಟ್ಲಾಸ್ ಕಂಪೆನಿ ದೆಹಲಿ ಬಳಿಯ ತನ್ನ ಸಾಹಿಬಾಬಾದ್ ಕಾರ್ಖಾನೆಯನ್ನು ನಿಲ್ಲಿಸಿತು. ದಿನಾಚರಣೆಯಿಂದ ಸೈಕಲ್ ಉಳಿಯುವುದಿಲ್ಲ. ತುಳಿಯಲು ದಾರಿ ಇದ್ದರೆ ಉಳಿಯುತ್ತದೆ.

ಶಿಡ್ಲಘಟ್ಟದ ಅಂಗಡಿಯಲ್ಲಿ ಸಂಜೆಯ ಹೊತ್ತಿಗೆ ಕಪ್ಪು ಸೈಕಲ್ ಎದ್ದು ನಿಂತಿತು. ಯಜಮಾನರು ರಿಮ್ಮಿನ ಬೆಂಡು ತೆಗೆಯುವಾಗ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ ಶಬ್ದ ಕೇಳುತ್ತಿದ್ದರು. ಬಿಗಿ ಕಡ್ಡಿಗೆ ಒಂದು ಸ್ವರ, ಸಡಿಲಕ್ಕೆ ಇನ್ನೊಂದು. ಹತ್ತು ಹೆಜ್ಜೆ ದೂರ ನಿಂತಿದ್ದ ಹುಡುಗ ಅದು ಯಾವಾಗಲೋ ಗೊತ್ತಿಲ್ಲದೆ ಹತ್ತಿರ ಬಂದು ಕೂತಿದ್ದ. ‘ಬಿಗಿಯಾದ್ರೆ ಫ್ರೀಕ್ವೆನ್ಸಿ ಜಾಸ್ತಿ ಅಲ್ವಾ?’ ಎಂದ. ‘ಅದೆಲ್ಲ ನಂಗೆ ಗೊತ್ತಿಲ್ಲಪ್ಪ, ಬಿಗಿಯಾದ್ರೆ ಟಿಣ್ ಅಂತದೆ’ ಎಂದು ಅವರು ಸ್ಪ್ಯಾನರನ್ನು ಅವನ ಕೈಗೆ ಕೊಟ್ಟರು.

ಅಪ್ಪ 1,500 ಎಣಿಸಿದರು. ಆಮೇಲೆ ಮಗನ ಕಡೆ ತಿರುಗಿ ತಮ್ಮ ಲೆಕ್ಕ ಹೇಳಿದರು. ಸ್ಕೂಟರಿನ ಮಾತು ತಪ್ಪುವುದಿಲ್ಲ. ಹದಿನೆಂಟು ತುಂಬಿದ ದಿನ, ಲೈಸೆನ್ಸ್ ಕೈಗೆ ಬಂದ ಮೇಲೆ. ಅಲ್ಲಿಯವರೆಗೆ ಕಂತಿನ ಹಣದಲ್ಲಿ ಅರ್ಧ ಅವನ ಹೆಸರಿನ ಪಾಸ್‌ಬುಕ್ಕಿಗೆ. ಟ್ಯೂಷನ್ನಿಗೆ ಹೆದ್ದಾರಿಯ ಗೋಜಿಲ್ಲದ ಒಳದಾರಿಯಲ್ಲಿ ಸೈಕಲ್. ಇದನ್ನು ಕೇಳಿ ಹುಡುಗನ ಮುಖವೇನೂ ಅರಳಲಿಲ್ಲ. ‘ಎರಡು ವರ್ಷ?’ ಎಂದ. ‘ಎರಡು ವರ್ಷ’ ಎಂದರು ಅಪ್ಪ.

ಮಾರನೆಯ ಬೆಳಗ್ಗೆ ಅವನು ಗೆಳೆಯರು ಹೊರಡುವುದಕ್ಕಿಂತ ಕಾಲು ಗಂಟೆ ಮೊದಲೇ ಹೊರಟ, ಯಾರಿಗೂ ಕಾಣದಿರಲೆಂದು. ಸೈಕಲ್ ಅಂಗಡಿಯ ಯಜಮಾನರು ಆಗಷ್ಟೇ ಬಾಗಿಲು ತೆಗೆದು ನೀರು ಚಿಮುಕಿಸುತ್ತಿದ್ದರು. ಹುಡುಗ ಒಂದು ಕಾಲು ನೆಲಕ್ಕೂರಿ ನಿಂತ. ‘ಮುಂದಿನದಕ್ಕೆ ಸ್ವಲ್ಪ ಗಾಳಿ.’ ಪಂಪು ನಾಲ್ಕು ಸಲ ಮೇಲೆ ಕೆಳಗೆ ಆಡಿತು. ಐದು ರೂಪಾಯಿಯ ನಾಣ್ಯ ಕೈ ಬದಲಿಸಿತು. ಅದು ಅಲ್ಲಿಂದ ನೇರ ಎದುರಿನ ಟೀ ಅಂಗಡಿಯ ಗಲ್ಲಾಪೆಟ್ಟಿಗೆಗೆ ಹೋಯಿತು.